ಖಾಲಿ ಇರುವುದು ಯಾವ ಆಸನ?

2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿದೊಡ್ಡ ವಿಮಾನ ಸಂಸ್ಥೆ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಡಿಸೆಂಬರ್ 5ರ ಒಂದೇ ದಿನ ರದ್ದಾದದ್ದು ಸಾವಿರಕ್ಕೂ ಮಿಗಿಲು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ಹೊತ್ತು ಒಬ್ಬ ಪೈಲಟ್ ಮಾಡಬಹುದಾದ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ತಗ್ಗಿಸಿದ ಹೊಸ ನಿಯಮಗಳು ಎರಡು ಹಂತಗಳಲ್ಲಿ ಬಂದು ನವೆಂಬರ್ 1ರಿಂದ ಪೂರ್ತಿ ಜಾರಿಯಾಗಿದ್ದವು. ಅದಕ್ಕೆ ಬೇಕಾದಷ್ಟು ಸಿಬ್ಬಂದಿಯನ್ನು ಸಂಸ್ಥೆ ಹೊಂದಿಸಿಕೊಂಡಿರಲಿಲ್ಲ. ನಿಲ್ದಾಣಗಳಲ್ಲಿ ಸೂಟ್‌ಕೇಸುಗಳ ರಾಶಿ, ಟಿವಿಯಲ್ಲಿ ‘ಪೈಲಟ್‌ಗಳಿಗೆ ಬರ’ ಎಂಬ ಚರ್ಚೆ. ಅದೇ ವಾರ ಇದೇ ದೇಶದಲ್ಲಿ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಯಲ್ಲಿ ಹಿಡಿದು, ಲಾಗ್‌ಬುಕ್ಕಿನಲ್ಲಿ ಇನ್ನೂರು ಚಿಲ್ಲರೆ ಗಂಟೆಗಳ ಹಾರಾಟ ಬರೆದುಕೊಂಡು, ನೇಮಕಾತಿಯ ಪ್ರಕಟಣೆಗಾಗಿ ಕಾಯುತ್ತಿದ್ದ ಯುವಕ ಯುವತಿಯರೂ ಇದ್ದರು. ಎರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ ಎಂದು ಕೇಳಿದರೆ ಹೆಚ್ಚಿನವರು ಒಂದನ್ನು ಸುಳ್ಳು ಎನ್ನುತ್ತಾರೆ. ಕೊರತೆ ಎಂಬುದೇ ತರಬೇತಿ ಶಾಲೆಗಳು ಕಟ್ಟಿದ ಕಥೆ ಎಂಬುದು ಒಂದು ಉತ್ತರ, ಕೆಲಸ ಸಿಗದವರೇ ಅಸಮರ್ಥರು ಎಂಬುದು ಇನ್ನೊಂದು. ಈ ಎರಡು ಉತ್ತರಗಳ ಬೇರಿನಲ್ಲಿರುವ ಗೊಂದಲ ಮಾತ್ರ ಒಂದೇ.

ಚಾಲ್ತಿಯಲ್ಲಿರುವ ನಂಬಿಕೆಯನ್ನು ಮೊದಲು ಅದರ ಪೂರ್ತಿ ಬಲದೊಡನೆ ಮುಂದಿಡುವುದು ನ್ಯಾಯ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು. ಅದೇ ವರ್ಷದ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟಿತು. 2024ರ ಜನವರಿಯಲ್ಲಿ ಹೊಸಬನಾದ ಆಕಾಸಾ ಏರ್ ಕೂಡ 150 ಬೋಯಿಂಗ್‌ಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ದೇಶಕ್ಕೆ 30,000 ಪೈಲಟ್‌ಗಳು ಬೇಕಾಗುತ್ತಾರೆ ಎಂದು ನಾಗರಿಕ ವಿಮಾನಯಾನ ಸಚಿವರೇ ಸಾರ್ವಜನಿಕವಾಗಿ ಹೇಳಿದ್ದಾರೆ. ಕಲಬುರಗಿ, ಬೆಳಗಾವಿಯಂಥ ನಿಲ್ದಾಣಗಳಲ್ಲಿ ಹೊಸ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿರುವುದೂ ಈ ಲೆಕ್ಕದ ಮೇಲೆಯೇ. ಹಾಗಾಗಿ ಲೈಸೆನ್ಸ್ ಪಡೆದವರಿಗೆ ಇಂದಲ್ಲ ನಾಳೆ ಕೆಲಸ ಖಂಡಿತ ಎಂಬುದು ಈ ನಂಬಿಕೆಯ ಮೊದಲ ಭಾಗ. ಎರಡನೆಯದು ಇನ್ನಷ್ಟು ಸರಳ: ಈಗ ಸಿಗದೆ ಇದ್ದರೆ ಅದಕ್ಕೆ ಕಾರಣ ಹಾರಾಟದ ಗಂಟೆಗಳು ಕಡಿಮೆ ಇರುವುದು. ಗಂಟೆಗಳು ಕೂಡುತ್ತಾ ಹೋದಂತೆ ಬಾಗಿಲು ತೆರೆಯುತ್ತದೆ. ಮನೆಯನ್ನೋ ಸೈಟನ್ನೋ ಅಡವಿಟ್ಟು ಮಗಳನ್ನು ಪೈಲಟ್ ಮಾಡಲು ಹೊರಟ ತಂದೆಯನ್ನು ಮೂರ್ಖನೆನ್ನಲಾಗದು. ಅವನ ಕೈಯಲ್ಲಿರುವ ಅಂಕಿಗಳೆಲ್ಲ ಸರಿಯಾಗಿವೆ. ಅವುಗಳಿಂದ ಅವನು ತೆಗೆಯುವ ತೀರ್ಮಾನ ಮಾತ್ರ ಅವುಗಳಿಂದ ಹೊರಡುವುದಿಲ್ಲ.

ಮೊದಲಿಗೆ ಆ 30,000ವನ್ನೇ ತೆಗೆದುಕೊಳ್ಳೋಣ. ದೊಡ್ಡ ಸಂಖ್ಯೆಯನ್ನು ವರ್ಷಗಳಿಂದ ಭಾಗಿಸದೆ ಬಿಟ್ಟರೆ ಅದು ಜನರನ್ನು ಬೆರಗುಗೊಳಿಸುತ್ತದೆ, ಅಷ್ಟೆ. ಇಪ್ಪತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 1,500, ಹದಿನೈದಕ್ಕೆ ಹಂಚಿದರೆ 2,000. ಈಗ ಪೂರೈಕೆಯ ಕಡೆ ನೋಡಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಂದರೆ ಡಿಜಿಸಿಎ, 2021ರಲ್ಲಿ 862 ಕಮರ್ಷಿಯಲ್ ಲೈಸೆನ್ಸ್‌ಗಳನ್ನು ಕೊಟ್ಟಿತ್ತು. 2022ರಲ್ಲಿ ಅದು 1,165 ಆಯಿತು, 2023ರಲ್ಲಿ 1,622. ಹೊರದೇಶದಲ್ಲಿ ಕಲಿತು ಬಂದು ಇಲ್ಲಿ ಲೈಸೆನ್ಸ್ ಪರಿವರ್ತಿಸಿಕೊಂಡವರೂ ಇದರಲ್ಲಿದ್ದಾರೆ. ಅಂದರೆ ಬೇಡಿಕೆಯ ಭಾರೀ ಅಂಕಿಯೂ ಪೂರೈಕೆಯ ಸಾಧಾರಣ ಅಂಕಿಯೂ ವರ್ಷದ ಲೆಕ್ಕಕ್ಕೆ ಇಳಿದಾಗ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ನಿವೃತ್ತರಾಗುವವರ ಜಾಗವನ್ನೂ ತುಂಬಬೇಕಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ. ಆದರೆ ಏರ್‌ಲೈನ್ ಪೈಲಟ್ ಅರವತ್ತೈದರ ತನಕ ಹಾರಬಹುದು, ಮತ್ತು ನಮ್ಮ ವಿಮಾನಯಾನ ಹಿಗ್ಗಿದ್ದು ಕಳೆದ ಎರಡು ದಶಕಗಳಲ್ಲಿ. ಆಗ ಇಪ್ಪತ್ತು ಇಪ್ಪತ್ತೈದರ ವಯಸ್ಸಿನಲ್ಲಿ ಸೇರಿದವರು ನಿವೃತ್ತಿಯ ಹತ್ತಿರ ಎಲ್ಲೂ ಇಲ್ಲ. ಬೇಡಿಕೆ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಸಾಲುಗಟ್ಟಿ ನಿಂತವರನ್ನೆಲ್ಲ ಕೈಹಿಡಿದು ಒಳಗೆ ಕರೆಯುವ ಪ್ರಮಾಣದ್ದಲ್ಲ.

ಇನ್ನು ಆರ್ಡರ್ ಎಂಬುದರ ಅರ್ಥ. ಆರ್ಡರ್ ಕೊಟ್ಟ ವಿಮಾನಕ್ಕೆ ಪೈಲಟ್ ಬೇಕಿಲ್ಲ, ರನ್‌ವೇ ಮೇಲೆ ಬಂದು ನಿಂತ ವಿಮಾನಕ್ಕೆ ಬೇಕು. ಏರ್‌ಬಸ್ 320 ಅಥವಾ ಬೋಯಿಂಗ್ 737ರಂಥ ಒಂದು ವಿಮಾನವನ್ನು ದಿನವಿಡೀ ದುಡಿಸಲು ಸುಮಾರು ಹನ್ನೆರಡು ಪೈಲಟ್‌ಗಳು ಬೇಕೆಂದು ಇಟ್ಟುಕೊಂಡರೆ, ಅವರಲ್ಲಿ ಅರ್ಧದಷ್ಟು ಜನ ಬಲಗಡೆಯ ಆಸನದ ಫಸ್ಟ್ ಆಫೀಸರ್‌ಗಳು. ಹತ್ತು ವಿಮಾನ ಒಂದು ವರ್ಷ ತಡವಾದರೆ ಅರವತ್ತು ಮಂದಿ ಹೊಸಬರ ಕೆಲಸ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. 2024ರ ಜನವರಿ 5ರಂದು ಅಮೆರಿಕದಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ ಒಂದರ ಬಾಗಿಲ ಜಾಗದ ಹಲಗೆ ಆಕಾಶದಲ್ಲೇ ಕಿತ್ತುಹೋಯಿತು. ಅಲ್ಲಿನ ನಿಯಂತ್ರಕರು 737 ಮ್ಯಾಕ್ಸ್ ಉತ್ಪಾದನೆಯನ್ನು ತಿಂಗಳಿಗೆ 38ಕ್ಕೆ ಮಿತಿಗೊಳಿಸಿದರು. ಸೆಪ್ಟೆಂಬರ್‌ನಲ್ಲಿ ಶುರುವಾದ ಬೋಯಿಂಗ್ ಕಾರ್ಮಿಕರ ಮುಷ್ಕರ ಏಳು ವಾರ ನಡೆಯಿತು. ಇದರ ಪೆಟ್ಟು ಬಿದ್ದದ್ದು ಮುಂಗಡವಾಗಿ ಪೈಲಟ್‌ಗಳನ್ನು ನೇಮಿಸಿಕೊಂಡಿದ್ದ ಆಕಾಸಾದ ಮೇಲೆ. ನೇಮಕವಾದ ನೂರಾರು ಮಂದಿ ಹಾರಾಟವಿಲ್ಲದೆ ಕಾಯುವಂತಾಯಿತು ಎಂದು ಪತ್ರಿಕೆಗಳು ವರದಿ ಮಾಡಿದವು. ಇಂಡಿಗೋದ ಕಥೆ ಬೇರೆ ರೀತಿಯದು. ಪ್ರ್ಯಾಟ್ ಆ್ಯಂಡ್ ವಿಟ್ನಿ ಎಂಜಿನ್‌ಗಳ ದೋಷದಿಂದ 2024ರ ಆರಂಭದಲ್ಲಿ ಅದರ ಎಪ್ಪತ್ತಕ್ಕೂ ಹೆಚ್ಚು ವಿಮಾನಗಳು ನೆಲದ ಮೇಲೆ ನಿಂತಿದ್ದವು. ಬದಲಿಗೆ ಬಾಡಿಗೆಗೆ ತಂದ ವಿಮಾನಗಳಲ್ಲಿ ಕೆಲವು ತಮ್ಮ ಪೈಲಟ್‌ಗಳನ್ನೂ ಜೊತೆಗೇ ಕರೆತಂದವು. ಸಿಯಾಟಲ್ ಬಳಿಯ ಬೋಯಿಂಗ್ ಕಾರ್ಖಾನೆಯಲ್ಲಿ ನಡೆಯುವ ಮುಷ್ಕರ ಹಾಸನದ ಹುಡುಗನೊಬ್ಬನ ನೇಮಕ ಪತ್ರವನ್ನು ತಡೆಯುತ್ತದೆ ಎಂಬುದು ಯಾವ ತರಬೇತಿ ಶಾಲೆಯ ಕರಪತ್ರದಲ್ಲೂ ಇರುವುದಿಲ್ಲ.

ಇಷ್ಟರ ಮಟ್ಟಿಗೆ ಇದು ವೇಗ, ವಿಳಂಬಗಳ ಮಾತು. ನಿಜವಾದ ಗೊಂದಲ ಇರುವುದು ‘ಪೈಲಟ್’ ಎಂಬ ಒಂದೇ ಪದದಡಿ ಮೂರು ಬೇರೆ ಬೇರೆ ಕೆಲಸಗಾರರನ್ನು ಎಣಿಸುವುದರಲ್ಲಿ.

1. ಲೈಸೆನ್ಸ್ ಪಡೆದವರು. ಹನ್ನೆರಡನೆಯ ತರಗತಿ ಮುಗಿಸಿ, ಹದಿನೆಂಟು ತುಂಬಿ, ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಿ, 200 ಗಂಟೆ ಹಾರಿದವರು. ಇದರಲ್ಲಿ 100 ಗಂಟೆ ತಾವೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ಇವರು ಕಲಿಯುವುದು ಬಹುಪಾಲು ಸೆಸ್ನಾ 172ರಂಥ, ನಾಲ್ವರು ಕೂರುವ, ಒಂದೇ ಎಂಜಿನ್ನಿನ ವಿಮಾನದಲ್ಲಿ.

2. ಫಸ್ಟ್ ಆಫೀಸರ್‌ಗಳು. ಮೇಲಿನವರೇ ಒಂದು ನಿರ್ದಿಷ್ಟ ಜೆಟ್ ವಿಮಾನಕ್ಕೆ ‘ಟೈಪ್ ರೇಟಿಂಗ್’ ಮಾಡಿ, ಏರ್‌ಲೈನ್ ಸೇರಿ, ಪ್ರಯಾಣಿಕರಿರುವ ಹಾರಾಟಗಳಲ್ಲಿ ತರಬೇತುದಾರ ಕ್ಯಾಪ್ಟನ್‌ನ ಪಕ್ಕ ಕುಳಿತು ‘ಲೈನ್ ಟ್ರೇನಿಂಗ್’ ಮುಗಿಸಿದವರು.

3. ಕ್ಯಾಪ್ಟನ್‌ಗಳು. ಕನಿಷ್ಠ 1,500 ಗಂಟೆಗಳ ಅನುಭವ ಕೇಳುವ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಹೊಂದಿ, ಸಂಸ್ಥೆಯ ಬಡ್ತಿ ಪರೀಕ್ಷೆಗಳನ್ನು ದಾಟಿ ಎಡಗಡೆಯ ಆಸನಕ್ಕೆ ಬಂದವರು. ಇವರಲ್ಲಿ ಕೆಲವರು ಮಾತ್ರ ಇತರರಿಗೆ ತರಬೇತಿ ಕೊಡುವ ಅರ್ಹತೆ ಪಡೆಯುತ್ತಾರೆ.

ಇಂಡಿಗೋ ಬಿಕ್ಕಟ್ಟಿನ ವೇಳೆ ಹೊರಬಂದ ಲೆಕ್ಕವನ್ನು ಈ ಮೂರು ಕಪಾಟುಗಳಲ್ಲಿ ಇಟ್ಟು ನೋಡಬೇಕು. ಹೊಸ ನಿಯಮದಡಿ ಏರ್‌ಬಸ್ 320 ಪಡೆಗೆ 2,422 ಕ್ಯಾಪ್ಟನ್‌ಗಳು ಬೇಕಿತ್ತು, ಇದ್ದವರು 2,357; ಫಸ್ಟ್ ಆಫೀಸರ್‌ಗಳು 2,153 ಬೇಕಿತ್ತು, ಇದ್ದವರು 2,194. ಇದು ಡಿಜಿಸಿಎ ಮುಂದೆ ಬಂದ ಲೆಕ್ಕ. ಕ್ಯಾಪ್ಟನ್‌ಗಳಲ್ಲಿ 65 ಕೊರತೆ, ಫಸ್ಟ್ ಆಫೀಸರ್‌ಗಳಲ್ಲಿ 41 ಹೆಚ್ಚುವರಿ. ದೇಶವೇ ‘ಪೈಲಟ್ ಇಲ್ಲ’ ಎಂದು ಗೋಳಾಡುತ್ತಿದ್ದ ದಿನಗಳಲ್ಲಿ, ಗೋಳಿನ ಕೇಂದ್ರದಲ್ಲಿದ್ದ ಸಂಸ್ಥೆಯಲ್ಲೇ, ಹೊಸಬರು ಕೂರಬಹುದಾದ ಆಸನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಜನರಿದ್ದರು. ಇಡೀ ಸಂಸ್ಥೆಯನ್ನು ಅಲುಗಾಡಿಸಿದ ಕೊರತೆಯ ಗಾತ್ರವೂ ಗಮನಾರ್ಹ. ಬೇಕಿದ್ದ ಕ್ಯಾಪ್ಟನ್‌ಗಳ ನೂರು ಭಾಗದಲ್ಲಿ ಮೂರು ಭಾಗವೂ ಅಲ್ಲ. ಬರೀ ಈ ಅಂಕಿಗಳಿಂದಲೇ ಆ ಬಿಕ್ಕಟ್ಟು ಹುಟ್ಟಿತೆಂದು ಹೇಳಲಾಗದು. ಡ್ಯೂಟಿ ಪಟ್ಟಿ ಹಾಕುವಲ್ಲಿ ಆದ ಎಡವಟ್ಟಿನ ಪಾಲು ದೊಡ್ಡದೇ ಇದ್ದಿರಬೇಕು. ಆದರೆ ಕೊರತೆ ಯಾವ ಆಸನದ್ದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ನಮ್ಮ ಸಂಸ್ಥೆಗಳು ವಿದೇಶಿ ಕ್ಯಾಪ್ಟನ್‌ಗಳಿಗೆ ತಾತ್ಕಾಲಿಕ ಪರವಾನಗಿ ಕೊಡಿಸಿ ಕರೆತರುವುದೂ ಎಡಗಡೆಯ ಆಸನಕ್ಕಾಗಿಯೇ. ಸೆಸ್ನಾದಲ್ಲಿ ಇನ್ನೂರು ಗಂಟೆ ಹಾರಿದ ವಿದೇಶಿಗನನ್ನು ಯಾರೂ ದುಬಾರಿ ಸಂಬಳ ಕೊಟ್ಟು ಕರೆಸುವುದಿಲ್ಲ.

ಇಲ್ಲಿಗೆ ಒಂದು ಸಮಾಧಾನದ ಮಾತು ಹುಟ್ಟಿಕೊಳ್ಳುತ್ತದೆ: ಕ್ಯಾಪ್ಟನ್‌ಗಳ ಕೊರತೆ ಇದ್ದರೆ ಫಸ್ಟ್ ಆಫೀಸರ್‌ಗಳಿಗೆ ಬೇಗ ಬಡ್ತಿ ಸಿಗುತ್ತದೆ, ಕೆಳಗೆ ಜಾಗ ಖಾಲಿಯಾಗುತ್ತದೆ, ಹೊಸಬರು ಒಳಬರುತ್ತಾರೆ. ಕೇಳಲು ತರ್ಕಬದ್ಧವಾಗಿದೆ. ದೀರ್ಘಾವಧಿಯಲ್ಲಿ ನಿಜವೂ ಹೌದು. ಆದರೆ ಹತ್ತಿರದ ಅವಧಿಯಲ್ಲಿ ಇದು ತಲೆಕೆಳಗಾಗಿ ಕೆಲಸ ಮಾಡುತ್ತದೆ. ಹೊಸಬನೊಬ್ಬ ಕಾಕ್‌ಪಿಟ್‌ನಲ್ಲಿ ಸಾಮಾನ್ಯ ಕ್ಯಾಪ್ಟನ್‌ನ ಜೊತೆ ಕೂರುವ ಮುನ್ನ ತಿಂಗಳುಗಟ್ಟಲೆ ಸಿಮ್ಯುಲೇಟರ್‌ನಲ್ಲಿ ಪಳಗಬೇಕು, ಬಳಿಕ ಹತ್ತಾರು ಹಾರಾಟಗಳನ್ನು ತರಬೇತುದಾರ ಕ್ಯಾಪ್ಟನ್‌ನ ಕಣ್ಣಳತೆಯಲ್ಲಿ ಮಾಡಬೇಕು. ಮೊದಲ ಕೆಲವು ಹಾರಾಟಗಳಲ್ಲಿ ಹಿಂದಿನ ಆಸನದಲ್ಲಿ ಇನ್ನೊಬ್ಬ ಅರ್ಹ ಪೈಲಟ್ ಸುರಕ್ಷತೆಗಾಗಿ ಕುಳಿತಿರುತ್ತಾನೆ. ಅಂದರೆ ಒಬ್ಬ ಹೊಸಬನನ್ನು ತಯಾರುಮಾಡಲು ಸಂಸ್ಥೆ ಖರ್ಚು ಮಾಡಬೇಕಾದದ್ದು ಅದರ ಬಳಿ ಅತಿ ವಿರಳವಾಗಿರುವ ಸರಕನ್ನೇ, ಹಿರಿಯ ಕ್ಯಾಪ್ಟನ್‌ಗಳ ಸಮಯವನ್ನು. ಅದೇ ತರಬೇತುದಾರರು ಫಸ್ಟ್ ಆಫೀಸರ್‌ಗಳನ್ನು ಕ್ಯಾಪ್ಟನ್ ಮಾಡುವ ತರಬೇತಿಯನ್ನೂ ಕೊಡಬೇಕು. ಅವರ ದಿನಗಳು ಸಾಲದೆ ಬಂದಾಗ ವಿಮಾನ ಸಂಸ್ಥೆ ಯಾವುದನ್ನು ಮೊದಲು ಆರಿಸುತ್ತದೆ ಎಂಬುದಕ್ಕೆ ಬಹಳ ಊಹೆ ಬೇಕಿಲ್ಲ: ಮೊದಲು ಬಡ್ತಿ, ಆಮೇಲೆ ನೇಮಕ. ಹೀಗೆ ಮೇಲಿನ ಕೊರತೆಯೇ ಕೆಳಗಿನ ಬಾಗಿಲನ್ನು ಮುಚ್ಚುತ್ತದೆ. ಡಿಸೆಂಬರ್‌ನ ಆ ಎರಡು ಸತ್ಯಗಳು ಪರಸ್ಪರ ವಿರುದ್ಧವಲ್ಲ. ಒಂದು ಇನ್ನೊಂದಕ್ಕೆ ಕಾರಣ.

ಈ ಅಡಚಣೆಯನ್ನು ಬದಿಗೆ ಸರಿಸಿ ಮುಂದೆ ಹೋಗಲು ಆಗುವುದಿಲ್ಲ ಎಂಬುದಕ್ಕೂ ಉದಾಹರಣೆ ಇದೆ. 2024ರ ಜುಲೈನಲ್ಲಿ ಮುಂಬೈಯಿಂದ ರಿಯಾದ್‌ಗೆ ಹೋದ ಏರ್ ಇಂಡಿಯಾ ವಿಮಾನವೊಂದರಲ್ಲಿ, ಲೈನ್ ಟ್ರೇನಿಂಗ್ ಇನ್ನೂ ಮುಗಿಯದ ಫಸ್ಟ್ ಆಫೀಸರ್‌ನ ಜೊತೆ ತರಬೇತುದಾರನಲ್ಲದ ಕ್ಯಾಪ್ಟನ್‌ನನ್ನು ಕಳುಹಿಸಲಾಗಿತ್ತು. ವಿಷಯವನ್ನು ಸಂಸ್ಥೆಯೇ ವರದಿ ಮಾಡಿತು. ಡಿಜಿಸಿಎ ಆಗಸ್ಟ್‌ನಲ್ಲಿ 90 ಲಕ್ಷ ರೂಪಾಯಿ ದಂಡ ಹಾಕಿತು, ಸಂಸ್ಥೆಯ ಇಬ್ಬರು ಹಿರಿಯ ಅಧಿಕಾರಿಗಳಿಗೂ ಪ್ರತ್ಯೇಕವಾಗಿ ದಂಡ ಬಿತ್ತು. ದಂಡ ಸರಿಯಾದದ್ದೇ. ಆದರೆ ತರಬೇತಿ ಶಾಲೆಗಳ ಸಂಖ್ಯೆಯನ್ನು ಹೆಚ್ಚಿಸಿ ಪೈಲಟ್ ಕೊರತೆ ನೀಗಿಸುತ್ತೇವೆ ಎನ್ನುವ ಸರ್ಕಾರಿ ನೀತಿ ಇಲ್ಲಿ ಎಡವುತ್ತದೆ. ಶಾಲೆಗಳು ಹೆಚ್ಚಾದರೆ ಹೆಚ್ಚುವುದು ಮೊದಲ ಕಪಾಟಿನವರು. ಮೂರನೆಯ ಕಪಾಟು ತುಂಬಲು ವರ್ಷಗಳ ಹಾರಾಟವೇ ಬೇಕು. ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ವಿಶ್ರಾಂತಿಯ ನಿಯಮ ಬಿಗಿಯಾದಂತೆ ಅದರ ಹತ್ತಿರವೂ ಹೋಗುವುದಿಲ್ಲ. ಹಣ ಚೆಲ್ಲಿ ಅವಸರ ಮಾಡಿಸಬಹುದಾದ ಕೆಲಸ ಇದಲ್ಲ.

ಈಗ ನಂಬಿಕೆಯ ಎರಡನೆಯ ಭಾಗ, ಗಂಟೆಗಳ ಲೆಕ್ಕ. ‘ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು’ ಎಂಬ ಗಾದೆಯನ್ನು ಹೊಸ ಪೈಲಟ್‌ಗಳ ಸ್ಥಿತಿಗೆ ಹೊಂದಿಸುವುದು ಸುಲಭ: ಗಂಟೆಗಳಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಗಂಟೆಗಳಿಲ್ಲ. ಗಾದೆ ಅಮೆರಿಕಕ್ಕೆ ಒಪ್ಪುತ್ತದೆ. 2009ರ ಫೆಬ್ರುವರಿ 12ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಮಂದಿ ಸತ್ತರು. ಆ ಬಳಿಕ ಬಂದ ಕಾನೂನಿನ ಫಲವಾಗಿ 2013ರಿಂದ ಅಲ್ಲಿ ಏರ್‌ಲೈನ್‌ನ ಬಲಗಡೆಯ ಆಸನಕ್ಕೂ 1,500 ಗಂಟೆ ಬೇಕು. ಸೈನ್ಯದಿಂದ ಬಂದವರಿಗೆ 750, ವಿಮಾನಯಾನದ ಪದವೀಧರರಿಗೆ 1,000 ಎಂಬ ರಿಯಾಯಿತಿಗಳಿವೆ. ಅಲ್ಲಿನ ಲೈಸೆನ್ಸ್‌ದಾರ 250 ಗಂಟೆಯಿಂದ 1,500ರ ತನಕ ಎಲ್ಲೋ ಹಾರುತ್ತಲೇ ಇರಬೇಕು. ಹಾರಲು ಅಲ್ಲಿ ಜಾಗವೂ ಇದೆ: ಸಾವಿರಾರು ಸಣ್ಣ ನಿಲ್ದಾಣಗಳು, ಅಲ್ಲಿನ ಶಾಲೆಗಳಲ್ಲಿ ಬೋಧಕನ ಕೆಲಸ, ಕೊಳವೆ ಮಾರ್ಗಗಳ ಕಾವಲು ಹಾರಾಟ, ಜಾಹೀರಾತಿನ ಬ್ಯಾನರ್ ಎಳೆಯುವುದು, ಪ್ಯಾರಾಶೂಟ್ ಹವ್ಯಾಸಿಗಳನ್ನು ಮೇಲಕ್ಕೆ ಒಯ್ಯುವುದು.

ಭಾರತದಲ್ಲಿ ಆ ಕಾನೂನೂ ಇಲ್ಲ, ಆ ಜಾಗವೂ ಇಲ್ಲ. ಇನ್ನೂರು ಗಂಟೆಯ ಲೈಸೆನ್ಸ್ ಮತ್ತು ಟೈಪ್ ರೇಟಿಂಗ್ ಇದ್ದವರನ್ನು ಏರ್‌ಲೈನ್ ನೇರವಾಗಿ ಜೆಟ್‌ನ ಬಲಗಡೆಯ ಆಸನಕ್ಕೆ ತೆಗೆದುಕೊಳ್ಳಬಹುದು. ತೆಗೆದುಕೊಂಡಿವೆ ಕೂಡ, ಇಂದು ಎಡಗಡೆ ಕೂತಿರುವ ಬಹಳಷ್ಟು ಕ್ಯಾಪ್ಟನ್‌ಗಳು ಬಂದದ್ದು ಅದೇ ದಾರಿಯಲ್ಲಿ. ಹಾಗಾಗಿ ‘ಗಂಟೆ ಕಡಿಮೆ, ಅದಕ್ಕೇ ಕೆಲಸ ಸಿಗಲಿಲ್ಲ’ ಎಂಬ ವಿವರಣೆ ಅಮೆರಿಕದ ಸಮಸ್ಯೆಯನ್ನು ಇಲ್ಲಿಗೆ ತಂದು ಅಂಟಿಸಿದಂತೆ. ಇದರ ನಷ್ಟವೂ ಸಣ್ಣದಲ್ಲ. ಕೆಲಸ ಸಿಗದವರು ಗಂಟೆಗೆ ಹತ್ತಾರು ಸಾವಿರ ರೂಪಾಯಿ ತೆತ್ತು ಸೆಸ್ನಾದಲ್ಲಿ ಇನ್ನೂ ಐವತ್ತೋ ನೂರೋ ಗಂಟೆ ಸುತ್ತುತ್ತಾರೆ. 200 ಗಂಟೆ 300 ಆದರೆ ಏರ್‌ಲೈನ್‌ನ ದೃಷ್ಟಿಯಲ್ಲಿ ಬದಲಾಗುವುದು ಬಹಳ ಕಡಿಮೆ, ಏಕೆಂದರೆ ಆ ಗಂಟೆಗಳು ಜೆಟ್‌ನವಲ್ಲ, ಇಬ್ಬರು ಪೈಲಟ್‌ಗಳ ಕಾಕ್‌ಪಿಟ್‌ನವೂ ಅಲ್ಲ. ಅದು ಹುಡುಕುವ ಅನುಭವ ತನ್ನ ವಿಮಾನದ ಮೇಲಿನ ಅನುಭವ, ಅದನ್ನು ಬಾಡಿಗೆ ವಿಮಾನದಲ್ಲಿ ಕೊಳ್ಳಲಾಗದು.

ಹಾಗಾದರೆ ಭಾರತವೂ 1,500 ಗಂಟೆಗಳ ನಿಯಮ ತಂದರೆ ಎಲ್ಲರಿಗೂ ಒಂದೇ ಅಳತೆ ಸಿಕ್ಕಂತಾಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಕೋಲ್ಗನ್ ದುರಂತವನ್ನೇ ಕೇಳಬೇಕು. ಆ ಕ್ಯಾಪ್ಟನ್ ಹಾರಿದ್ದು 3,379 ಗಂಟೆ, ಫಸ್ಟ್ ಆಫೀಸರ್ 2,244. ಬಳಿಕ ಬಂದ ನಿಯಮವನ್ನು ಇಬ್ಬರೂ ಆಗಲೇ ಸಲೀಸಾಗಿ ದಾಟಿದ್ದರು. ತನಿಖೆ ಎತ್ತಿ ತೋರಿಸಿದ್ದು ವಿಮಾನದ ವೇಗ ಅಪಾಯದ ಮಟ್ಟಕ್ಕೆ ಕುಸಿದಾಗ ಕ್ಯಾಪ್ಟನ್ ನಡೆದುಕೊಂಡ ತಪ್ಪು ರೀತಿಯನ್ನು, ದಣಿವನ್ನು, ಕಾಕ್‌ಪಿಟ್ ಶಿಸ್ತಿನ ಲೋಪವನ್ನು. ಗಂಟೆ ಎಣಿಸುವುದು ಸುಲಭ, ಕೌಶಲ ಎಣಿಸುವುದು ಕಷ್ಟ. ಶಾಸನಕ್ಕೆ ಸುಲಭವಾದದ್ದು ಒಲಿಯಿತು. ಹಾರಾಟದ ಬೇರೆ ಉದ್ಯೋಗಗಳು ತೀರಾ ವಿರಳವಾಗಿರುವ ಭಾರತದಲ್ಲಿ ಅದೇ ನಿಯಮ ಬಂದರೆ ಇನ್ನೂರರಿಂದ ಸಾವಿರದೈನೂರಕ್ಕೆ ಏರುವುದು ಹಣವಿದ್ದವರಿಗಷ್ಟೇ ಸಾಧ್ಯ. ಉಳಿದವರಿಗೆ ಲಾಗ್‌ಬುಕ್ಕಿನಲ್ಲಿ ಪೆನ್ನಿನಿಂದಲೇ ಹಾರುವ ಆಸೆ ಹುಟ್ಟುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಮೇಲ್ದರ್ಜೆಯ ಲೈಸೆನ್ಸ್ ಪಡೆದವರು ಸಿಕ್ಕಿಬಿದ್ದ ಹಗರಣವನ್ನು ಕಂಡ ದೇಶಕ್ಕೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಬೋಧಕರಾಗುವ ದಾರಿ ಮಾತ್ರ ಇಲ್ಲಿಯೂ ನಿಜವಾದ ದಾರಿ. ಹೆಚ್ಚುವರಿ ತರಬೇತಿ ಪಡೆದು ಸಹಾಯಕ ಬೋಧಕರಾದವರು ಸಂಬಳ ಪಡೆಯುತ್ತಲೇ ಗಂಟೆ ಕೂಡಿಸುತ್ತಾರೆ. ಹಾರಾಟದ ರೂಢಿಯೂ ತಪ್ಪುವುದಿಲ್ಲ. ಆದರೆ ದೇಶದ ತರಬೇತಿ ಶಾಲೆಗಳೆಲ್ಲ ಸೇರಿ ನಾಲ್ಕು ಡಜನ್ ಆಗುವುದಿಲ್ಲ, ಹಾಗಾಗಿ ಬೋಧಕರ ಜಾಗಗಳೂ ಕೆಲವೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಯೋಗ್ಯತೆಯದ್ದು. ಪ್ರತಿಭೆ ಇದ್ದವರಿಗೆ ಕೆಲಸ ಸಿಕ್ಕೇ ಸಿಗುತ್ತದೆ, ಸಿಗದವರ ತರಬೇತಿಯೇ ಕಳಪೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಶಾಲೆಗಳ ಗುಣಮಟ್ಟ ಒಂದೇ ಸಮ ಇಲ್ಲ. 2025ರಲ್ಲಿ ಡಿಜಿಸಿಎ ಮೊದಲ ಬಾರಿಗೆ ಪ್ರಕಟಿಸಿದ ಶ್ರೇಯಾಂಕ ಪಟ್ಟಿಯಲ್ಲಿ ಮೇಲಿನ ಎರಡು ದರ್ಜೆಗಳಿಗೆ ಒಂದು ಶಾಲೆಯೂ ಏರಲಿಲ್ಲ. 13 ಶಾಲೆಗಳು ‘ಬಿ’ಯಲ್ಲಿ, 22 ಶಾಲೆಗಳು ‘ಸಿ’ಯಲ್ಲಿ ನಿಂತವು. ಏರ್‌ಲೈನ್‌ಗಳ ಲಿಖಿತ ಪರೀಕ್ಷೆ, ಮನೋಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆಗಳಲ್ಲಿ ಬಹಳ ಜನ ಬೀಳುತ್ತಾರೆ, ಅದೂ ನಿಜ. ಆದರೆ ಈ ವಾದ ಒಂದು ಬಗೆಯ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರ ಕೊಡುತ್ತದೆ. ನೂರು ಜಾಗಕ್ಕೆ ಸಾವಿರ ಮಂದಿ ಬಂದಾಗ ಯಾವ ನೂರು ಎಂಬುದನ್ನು ಯೋಗ್ಯತೆ ನಿರ್ಧರಿಸುತ್ತದೆ. ಜಾಗ ನೂರೇ ಏಕೆ ಎಂಬುದನ್ನಲ್ಲ. ಸಾವಿರವೂ ಅಪ್ರತಿಮರಾದರೆ ಒಂಬೈನೂರು ಅಪ್ರತಿಮರು ಮನೆಯಲ್ಲಿರುತ್ತಾರೆ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತ ವರ್ಷ ಲೈಸೆನ್ಸ್ ಪಡೆದವರು ಅದಕ್ಕೂ ಎರಡು ವರ್ಷ ಮೊದಲಿನವರಿಗಿಂತ ದಡ್ಡರಾಗಿದ್ದರೆಂದು ಯಾರೂ ಹೇಳಲಾರರು. ಬದಲಾದದ್ದು ವರ್ಷ ಮಾತ್ರ.

ವರ್ಷಕ್ಕೆ ಅಷ್ಟು ಬೆಲೆ ಬರುವುದು ತರಬೇತಿಗೂ ಕೆಲಸಕ್ಕೂ ನಡುವಿನ ಅಂತರದಿಂದ. ಕೋಲಾರದ ರೈತ ಟೊಮೆಟೊ ಬೆಲೆ ಏರಿದಾಗ ನಾಟಿ ಮಾಡಿ, ಎಲ್ಲರೂ ಹಾಗೆಯೇ ಮಾಡಿದ್ದರಿಂದ ಬೆಲೆ ಬಿದ್ದಾಗ ಕೊಯ್ಯುತ್ತಾನೆ. ಪೈಲಟ್ ತರಬೇತಿಯಲ್ಲಿ ಆ ನಾಟಿಗೂ ಕೊಯ್ಲಿಗೂ ನಡುವೆ ಒಂದೂವರೆ ಎರಡು ವರ್ಷ. 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹೊರಟಿತು, 2005ರಲ್ಲಿ ಕಿಂಗ್‌ಫಿಶರ್. ಆ ಭರಾಟೆ ನೋಡಿ ಹಾರಲು ಕಲಿತ ಅನೇಕರ ಕೈಗೆ ಲೈಸೆನ್ಸ್ ಬಂದದ್ದು 2008ರ ಆರ್ಥಿಕ ಕುಸಿತದ ಹೊತ್ತಿಗೆ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ಹಾರಾಟ ನಿಂತಿತು, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಪ್ರತಿ ಸಲವೂ ನೂರಾರು ಅನುಭವಿ ಪೈಲಟ್‌ಗಳು ಏಕಕಾಲಕ್ಕೆ ಕೆಲಸ ಹುಡುಕತೊಡಗಿದರು. ಟೈಪ್ ರೇಟಿಂಗ್ ಮಾಡಿ, ವರ್ಷಗಟ್ಟಲೆ ಹಾರಿ, ನಾಳೆಯೇ ಡ್ಯೂಟಿಗೆ ಬರಬಲ್ಲವರು ಬಾಗಿಲಲ್ಲಿರುವಾಗ ಹೊಸಬನನ್ನು ಕಲಿಸುವ ಖರ್ಚಿಗೆ ಯಾವ ಕಂಪನಿಯೂ ಕೈಹಾಕುವುದಿಲ್ಲ.

ಕಾಯುವುದು ಇಲ್ಲಿ ಬರಿಯ ತಾಳ್ಮೆಯ ಮಾತಲ್ಲ. 2023ರ ತಿದ್ದುಪಡಿಯ ಬಳಿಕ ಲೈಸೆನ್ಸ್‌ನ ಅವಧಿ ಐದು ವರ್ಷದಿಂದ ಹತ್ತಕ್ಕೆ ಏರಿತು. ಆದರೆ ಏರ್‌ಲೈನ್ ಕೇಳುವ, ಉಪಕರಣಗಳನ್ನು ನೋಡಿಯೇ ಹಾರುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಮತ್ತು ವೈದ್ಯಕೀಯ ಪ್ರಮಾಣಪತ್ರಗಳನ್ನು ವರ್ಷ ವರ್ಷವೂ ನವೀಕರಿಸಬೇಕು, ಅದಕ್ಕೆ ಮತ್ತೆ ಹಾರಬೇಕು, ಮತ್ತೆ ಹಣ ಕಟ್ಟಬೇಕು. ತರಬೇತಿಯ ಖರ್ಚು ಅರ್ಧ ಕೋಟಿಯ ಆಸುಪಾಸಿನಿಂದ ಶುರುವಾಗುತ್ತದೆ, ಬ್ಯಾಂಕುಗಳು ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಕೆಲಸ ಬಂದರೂ ಬಾರದಿದ್ದರೂ ಕಂತು ಬರುತ್ತದೆ. ಹದಿನೈದು ವರ್ಷಗಳ ಬೇಡಿಕೆಯ ಅಂದಾಜು ನೂರಕ್ಕೆ ನೂರು ನಿಜವಾದರೂ ಮೂರು ವರ್ಷ ಕಾಯಲಾರದ ಕುಟುಂಬಕ್ಕೆ ಅದು ನಿರುಪಯೋಗಿ.

ಈ ಇಕ್ಕಟ್ಟಿನಿಂದ ಪಾರಾಗಲು ಕೆಲವರು ಇನ್ನೂ ಹತ್ತಿಪ್ಪತ್ತು ಲಕ್ಷ ಹಾಕಿ ತಾವೇ ಟೈಪ್ ರೇಟಿಂಗ್ ಕೊಳ್ಳುತ್ತಾರೆ. ಒಂದು ಸಂಸ್ಥೆ ನಿರ್ದಿಷ್ಟ ವಿಮಾನಕ್ಕೆ ನೇಮಕಾತಿ ಪ್ರಕಟಿಸಿರುವಾಗ ಇದು ಜಾಣತನ. ಪ್ರಕಟಣೆಯಿಲ್ಲದೆ ಕೊಂಡರೆ ಅದು ಏರ್‌ಬಸ್ ಗೆಲ್ಲುವುದೋ ಬೋಯಿಂಗ್ ಗೆಲ್ಲುವುದೋ ಎಂಬ ಜೂಜು. 2018ರಲ್ಲಿ ಬೋಯಿಂಗ್ 737ರ ರೇಟಿಂಗ್ ಕೊಂಡವರ ಮುಂದಿನ ಎರಡು ವರ್ಷಗಳನ್ನು ನೋಡಿದರೆ ಸಾಕು: 2019ರ ಮಾರ್ಚ್‌ನಲ್ಲಿ ಭಾರತದಲ್ಲೂ 737 ಮ್ಯಾಕ್ಸ್ ಹಾರಾಟ ನಿಷೇಧ, ಏಪ್ರಿಲ್‌ನಲ್ಲಿ 737ಗಳ ದೊಡ್ಡ ಬಳಕೆದಾರನಾಗಿದ್ದ ಜೆಟ್ ಏರ್‌ವೇಸ್ ಬಂದ್, 2020ರ ಮಾರ್ಚ್‌ನಲ್ಲಿ ಕೋವಿಡ್. ನಿಷೇಧ ಇಲ್ಲಿ ತೆರವಾದದ್ದು 2021ರ ಆಗಸ್ಟ್‌ನಲ್ಲಿ. ಆ ಹೊತ್ತಿಗೆ ಸಿಮ್ಯುಲೇಟರ್‌ನಲ್ಲಿ ಕಲಿತದ್ದು ಹಳತಾಗಿ, ಮತ್ತೆ ಹಣ ಕೊಟ್ಟು ಹೊಸದಾಗಿ ಕಲಿಯುವ ಸ್ಥಿತಿ.

ಏರ್‌ಲೈನ್‌ಗಳು ತಮ್ಮ ಪಾಲಿನ ಪರಿಹಾರವನ್ನು ಈಗಾಗಲೇ ಕಂಡುಕೊಂಡಿವೆ. ಅದು ಹೊರಗಿನ ಲೈಸೆನ್ಸ್‌ದಾರರಿಗೆ ಅಷ್ಟು ಸಿಹಿಯಾದುದಲ್ಲ. ಕೆಡೆಟ್ ಯೋಜನೆಗಳಲ್ಲಿ ಸಂಸ್ಥೆ ಹಾರಲು ಬಾರದವರನ್ನೇ ಮೊದಲು ಆರಿಸಿ, ತನ್ನ ಆಯ್ಕೆಯ ಶಾಲೆಗೆ ಕಳುಹಿಸಿ, ಟೈಪ್ ರೇಟಿಂಗ್ ತನಕ ಒಂದೇ ಎಳೆಯಲ್ಲಿ ತರಬೇತಿ ಕೊಡಿಸುತ್ತದೆ. ಬಹುಪಾಲು ಖರ್ಚು ವಿದ್ಯಾರ್ಥಿಯದೇ. ಮೊತ್ತ ಕೋಟಿಯ ಆಸುಪಾಸು ಮುಟ್ಟುವುದುಂಟು. ಏರ್ ಇಂಡಿಯಾ ಮಹಾರಾಷ್ಟ್ರದ ಅಮರಾವತಿಯಲ್ಲಿ 34 ತರಬೇತಿ ವಿಮಾನಗಳೊಂದಿಗೆ ವರ್ಷಕ್ಕೆ 180 ಪೈಲಟ್‌ಗಳನ್ನು ತಯಾರಿಸುವ ಸ್ವಂತ ಶಾಲೆಯ ಯೋಜನೆಯನ್ನು 2024ರಲ್ಲಿ ಪ್ರಕಟಿಸಿತು. ಹೀಗೆ ಒಳಗಿನಿಂದಲೇ ತುಂಬಿದ ಮೇಲೆ ಉಳಿದ ಜಾಗಗಳಷ್ಟೇ ಜಕ್ಕೂರಿನಲ್ಲೋ ಬಾರಾಮತಿಯಲ್ಲೋ ಸ್ವತಂತ್ರವಾಗಿ ಕಲಿತು ಬಂದವರಿಗೆ. ಅವರಿಗಿಂತ ಕೆಡೆಟ್‌ನ ಸ್ಥಿತಿ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೆಡೆಟ್‌ಗೆ ಸಿಗುವ ಉದ್ದೇಶ ಪತ್ರವೂ ನೇಮಕ ಪತ್ರವಲ್ಲ. ವಿಮಾನ ಬರುವುದು, ಸಂಸ್ಥೆಗೆ ಅಗತ್ಯ ಬೀಳುವುದು ಮುಂತಾದ ಷರತ್ತುಗಳಿಗೆ ಅದು ಒಳಪಟ್ಟಿರಬಹುದು.

ಸರ್ಕಾರ ಪ್ರತಿವರ್ಷ ಎಷ್ಟು ಲೈಸೆನ್ಸ್ ಕೊಟ್ಟಿತೆಂಬ ಅಂಕಿಯನ್ನು ಸಾಧನೆಯಾಗಿ ಸಂಸತ್ತಿನ ಮುಂದಿಡುತ್ತದೆ. ಶಾಲೆಗೆ ಹಣ ಕಟ್ಟುವವರಿಗೆ ಬೇಕಾದ ಅಂಕಿಗಳು ಬೇರೆ: ಲೈಸೆನ್ಸ್ ಪಡೆದವರಲ್ಲಿ ಎರಡು ವರ್ಷದೊಳಗೆ ಏರ್‌ಲೈನ್ ಸೇರಿದವರೆಷ್ಟು, ಅವರಲ್ಲಿ ಕೆಡೆಟ್‌ಗಳೆಷ್ಟು, ಸ್ವತಂತ್ರರೆಷ್ಟು, ಯಾವ ಸಂಸ್ಥೆ ಈ ವರ್ಷ ಎಷ್ಟು ಫಸ್ಟ್ ಆಫೀಸರ್‌ಗಳಿಗೆ ಬಡ್ತಿ ಕೊಟ್ಟಿತು, ಅದರ ಬಳಿ ತರಬೇತುದಾರ ಕ್ಯಾಪ್ಟನ್‌ಗಳೆಷ್ಟು. ಇವು ಯಾವುದೂ ಗುಟ್ಟಿನ ಮಾಹಿತಿಯಲ್ಲ. ಲೈಸೆನ್ಸ್ ಕೊಡುವುದೂ ಡಿಜಿಸಿಎ, ಪ್ರತಿ ರೇಟಿಂಗ್ ದಾಖಲಿಸುವುದೂ ಡಿಜಿಸಿಎ, ತರಬೇತುದಾರರಿಗೆ ಅನುಮೋದನೆ ಕೊಡುವುದೂ ಅದೇ. ಶಾಲೆಗಳಿಗೆ ದರ್ಜೆ ಹಾಕುವ ಪಟ್ಟಿಯ ಪಕ್ಕದಲ್ಲೇ ಇದನ್ನೂ ಶಾಲೆವಾರು, ವರ್ಷವಾರು ಛಾಪಿಸಬಹುದು.